ಭೋಲಾನಾಥ್ ಕ್ಲಬ್ಬಿಗೆ ಧಣಿ ಹುಡುಕಿದ ಚಳಿಗಾಲ

ಹೋದ ತಿಂಗಳು ನಮ್ಮ ಪಕ್ಕದ ಮನೆಗೆ ಬಿಹಾರದ ಕಡೆಯ ಒಂದು ಸಂಸಾರ ಬಾಡಿಗೆಗೆ ಬಂತು. ಮೊದಲ ದಿನವೇ ಅವರ ಅಡುಗೆಮನೆಯಿಂದ ಸಾಸಿವೆ ಎಣ್ಣೆ ಕಾಯುವ ವಾಸನೆ ನಮ್ಮ ಪಡಸಾಲೆಗೆ ಬಂತು. ನನ್ನ ಗಂಡ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಎದ್ದರು. ನಾನು ಬೇಡವೆಂದೆ. ಅದೇನು ಕರಿಯುತ್ತಿದ್ದಾರೋ ಎಂದು ಅವರು ಗೊಣಗುತ್ತಿದ್ದರೆ ನನಗೆ ಆ ವಾಸನೆಯಲ್ಲಿ ತಿನ್ನುವ ವಸ್ತು ಯಾವುದೂ ನೆನಪಾಗಲಿಲ್ಲ. ನೆನಪಾದದ್ದು ಫುಟ್‌ಬಾಲ್ ಬೂಟುಗಳು, ಮಂಜಿನಲ್ಲಿ ನೆನೆದು ಭಾರವಾದ ಚೆಂಡು, ಮತ್ತು ನಮ್ಮಪ್ಪ.

ನಾನು ಹುಟ್ಟಿ ಬೆಳೆದದ್ದು ಕಾಶಿಯ ಹನುಮಾನ್ ಘಾಟಿನ ಗಲ್ಲಿಯಲ್ಲಿ. ಕರ್ನಾಟಕದಿಂದ ಬರುವ ಯಾತ್ರಿಕರನ್ನು ಮನೆಯಲ್ಲೇ ಇಳಿಸಿಕೊಂಡು ಅವರ ಸತ್ತವರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಪುರೋಹಿತರ ಮನೆ ನಮ್ಮದು. ಅಮ್ಮ ಕಡಲೆಕಾಯಿ ಎಣ್ಣೆ ಬಿಟ್ಟು ಬೇರೆ ಯಾವುದನ್ನೂ ಒಲೆಯ ಹತ್ತಿರ ಸೇರಿಸುತ್ತಿರಲಿಲ್ಲ. ಆದರೂ ಮಹಡಿ ಮೆಟ್ಟಿಲ ಕೆಳಗೆ ಒಂದು ಬಾಟಲಿ ಸಾಸಿವೆ ಎಣ್ಣೆ ಸದಾ ಇರುತ್ತಿತ್ತು. ಅದು ಅಪ್ಪನದು, ಚೆಂಡಿನ ಚರ್ಮಕ್ಕೆ ಮತ್ತು ಆಟಗಾರರ ಬೂಟಿಗೆ ತಿಕ್ಕಲು. ಪುರೋಹಿತನಾದವನು ಚರ್ಮ ಮುಟ್ಟುವುದೇ ಎಂದು ಅಮ್ಮ ಸಿಡುಕಿದರೆ, "ಗಂಗೆ ಇರೋದು ಹತ್ತು ಹೆಜ್ಜೆ ದೂರದಲ್ಲಿ. ಮುಟ್ಟಿ ಮುಳುಗು ಹಾಕ್ತೀನಿ, ಬಿಡು" ಎನ್ನುತ್ತಿದ್ದರು. ಹಾಕುತ್ತಿದ್ದರು ಕೂಡ, ಪುಷ್ಯಮಾಸದ ಚಳಿಯಲ್ಲೂ.

ಅಪ್ಪ ಭೋಲಾನಾಥ್ ಸ್ಪೋರ್ಟಿಂಗ್ ಎಂಬ ಕ್ಲಬ್ಬಿನ ಕಾರ್ಯದರ್ಶಿ. ಭೇಲೂಪುರದ ಹಿಂದೆ ರೇಷ್ಮೆ ವ್ಯಾಪಾರಿಯೊಬ್ಬರ ಹಳೆಯ ಬಗೀಚಾ ಇತ್ತು. ಊರವರೆಲ್ಲ ಆ ವ್ಯಾಪಾರಿಯನ್ನು ಸಾವ್‌ಜಿ ಎಂದೇ ಕರೆಯುತ್ತಿದ್ದರು. ಸಾವ್‌ಜಿ ತೋಟದ ಮರಗಳನ್ನು ಕಡಿಸಿ, ನೆಲ ಸಮ ಮಾಡಿಸಿ, ತಮ್ಮ ತಂದೆಯ ಹೆಸರಿನಲ್ಲಿ ಕ್ಲಬ್ಬು ಕಟ್ಟಿದ್ದರು. ಅಪ್ಪ ಹರೆಯದಲ್ಲಿ ಅಲ್ಲಿ ಎಡಗಡೆಯ ಫಾರ್ವರ್ಡ್ ಆಗಿ ಆಡಿದವರು. ಬೆಳಿಗ್ಗೆ ಘಾಟಿನಲ್ಲಿ ತರ್ಪಣ ಬಿಡಿಸಿ, ಸಂಜೆ ಪಂಚೆಯನ್ನು ಕಚ್ಚೆ ಕಟ್ಟಿ ಓಡುತ್ತಿದ್ದರಂತೆ. ಮಂಡಿ ಸೋತ ಮೇಲೆ ಸಾವ್‌ಜಿ ಅವರನ್ನೇ ಕಾರ್ಯದರ್ಶಿ ಮಾಡಿದರು. ತಂಡದ ಹುಡುಗರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮದನ್‌ಪುರದ ನೇಕಾರರ ಮಕ್ಕಳು, ಉಳಿದವರು ಬಂಗಾಳಿ ಟೋಲಾದವರು, ನಮ್ಮ ಗಲ್ಲಿಯವರು ಒಬ್ಬಿಬ್ಬರು. ಇಡೀ ದಿನ ಬೇರೆಯವರ ದುಃಖದ ನಡುವೆ ಕೂತಿರುತ್ತಿದ್ದ ಅಪ್ಪ ಗಟ್ಟಿಯಾಗಿ ನಗುತ್ತಿದ್ದುದು ಆ ಮೈದಾನದಲ್ಲಿ ಮಾತ್ರ. ಮನೆಯಲ್ಲಿ ಸೂತಕದವರು ಇಳಿದುಕೊಂಡಿರುವಾಗ ನಗುವುದಕ್ಕೆ ನಮಗೆ ಯಾರಿಗೂ ಅಭ್ಯಾಸವಿರಲಿಲ್ಲ.

ತೊಂಬತ್ತರ ದಶಕದ ಆರಂಭದ ಒಂದು ವರ್ಷ, ದಸರೆ ಕಳೆದ ಮೇಲೆ ಸಾವ್‌ಜಿ ತೀರಿಕೊಂಡರು. ಹದಿಮೂರನೆಯ ದಿನದ ಕರ್ಮ ಆಗುವ ಮೊದಲೇ ಮಕ್ಕಳು ಕೋರ್ಟಿಗೆ ಹೋದರು. ಬಂಗಲೆ, ಅಂಗಡಿ, ಬಗೀಚಾ ಎಲ್ಲದರ ಮೇಲೆ ಜಗಳ. ತೀರ್ಮಾನವಾಗುವವರೆಗೆ ಆಸ್ತಿಯನ್ನು ನೋಡಿಕೊಳ್ಳಲು ನ್ಯಾಯಾಲಯ ಒಬ್ಬ ರಿಸೀವರನ್ನು ನೇಮಿಸಿತು. ಅವರು ಮಾಥುರ್ ಸಾಹೇಬರು, ಕಂಟೋನ್ಮೆಂಟ್ ಕಡೆಯ ವಯಸ್ಸಾದ ವಕೀಲರು. ಆಸ್ತಿಯ ಜೊತೆಗೆ ನಮ್ಮ ಕ್ಲಬ್ಬೂ ಅವರ ಕೈಗೆ ಹೋಯಿತು. ಮೈದಾನ, ಹೆಸರು, ನಗರದ ಲೀಗಿನಲ್ಲಿದ್ದ ಜಾಗ, ಗೋಲು ಕಂಬ, ಬಲೆ, ಬೀರುವಿನಲ್ಲಿದ್ದ ಚೆಂಡುಗಳವರೆಗೆ ಎಲ್ಲವೂ.

ಮಾಥುರ್ ಸಾಹೇಬರು ಕೆಟ್ಟವರಲ್ಲ. ಆದರೆ ನಿಯಮ ಬಿಟ್ಟು ಉಸಿರೂ ಬಿಡದ ಮನುಷ್ಯ. ಅವರು ಬಂದ ಮೊದಲ ದಿನ ಚೆಂಡಿನ ಬೀರುವಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಅಪ್ಪನಿಗೆ ಸಂಸ್ಕೃತ, ಹಿಂದಿ, ಕನ್ನಡ ಬರುತ್ತಿತ್ತು, ಕೋರ್ಟಿನ ಇಂಗ್ಲಿಷ್ ಬರುತ್ತಿರಲಿಲ್ಲ. ಬಿ.ಎ. ಓದುತ್ತಿದ್ದ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅಭ್ಯಾಸಕ್ಕೆ ಒಂದು ಚೆಂಡು ಬೇಕಾದರೂ ಅರ್ಜಿ ಕೊಡಬೇಕು ಎಂದು ಸಾಹೇಬರು ಹೇಳಿದಾಗ ನಾನು ನಕ್ಕುಬಿಟ್ಟೆ.

"ನಗಬೇಡ ಬಿಟಿಯಾ, ಒಂದು ಚೆಂಡು ಒಡೆದರೂ ಸಾವ್‌ಜಿ ಮಕ್ಕಳು ನನ್ನ ಮೇಲೆ ಕೇಸ್ ಹಾಕ್ತಾರೆ" ಎಂದರು ಅವರು.

ಅವರೇ ಅಪ್ಪನಿಗೆ ವಿಷಯ ಬಿಡಿಸಿ ಹೇಳಿದರು. ಆಸ್ತಿ ಹರಾಜಿಗೆ ಹೋಗುವುದು ಖಂಡಿತ. ಶಿವರಾತ್ರಿ ಕಳೆದ ಮೇಲೆ ಬರುವ ವಿಚಾರಣೆಯ ಒಳಗೆ ಕ್ಲಬ್ಬನ್ನು ಮೈದಾನದ ಸಮೇತ ನಡೆಸಿಕೊಂಡು ಹೋಗುವ ಹೊಸ ಧಣಿ ಸಿಕ್ಕರೆ ಅದನ್ನು ಪ್ರತ್ಯೇಕ ಮಾಡಿ ಅವರಿಗೆ ಕೊಡಿಸಬಹುದು. ಸಿಗದಿದ್ದರೆ ಕೊಳ್ಳುವವನು ಯಾರೇ ಆಗಲಿ, ಅವನ ಇಷ್ಟ. ಇನ್ನೊಂದು ಷರತ್ತೂ ಇತ್ತು. ಅಲ್ಲಿಯವರೆಗೆ ಲೀಗಿನ ಒಂದು ಪಂದ್ಯಕ್ಕೂ ತಂಡ ತಪ್ಪಿಸಿಕೊಳ್ಳಬಾರದು. ತಪ್ಪಿಸಿಕೊಂಡರೆ ಲೀಗಿನಿಂದ ಹೆಸರು ಹೊಡೆದು ಹಾಕುತ್ತಾರೆ, ಆಮೇಲೆ ಮಾರಲು ಕ್ಲಬ್ಬೇ ಇರುವುದಿಲ್ಲ.

ಹಾಗೆ ಆ ಚಳಿಗಾಲ ಶುರುವಾಯಿತು. ಅಂಥ ಮಂಜನ್ನು ನಾನು ಮತ್ತೆ ಕಂಡಿಲ್ಲ. ವಾರಗಟ್ಟಲೆ ಸೂರ್ಯ ಕಾಣಲಿಲ್ಲ. ಘಾಟಿನಲ್ಲಿ ನಿಂತರೆ ಗಂಗೆ ಕಾಣದು, ನೀರಿನ ಸದ್ದು ಮಾತ್ರ. ದಕ್ಷಿಣದ ರೈಲುಗಳು ಅರ್ಧ ದಿನ ತಡವಾಗಿ ಬರುತ್ತಿದ್ದವು. ಊರಿನಲ್ಲಿ ಆಗಾಗ ಗಲಭೆ, ಕರ್ಫ್ಯೂ. ಪಂದ್ಯದ ದಿನ ನೇಕಾರರ ಹುಡುಗರು ಮನೆಯಿಂದ ಹೊರಬರಲಾಗದೆ ಒಮ್ಮೆ ಒಂಬತ್ತೇ ಜನ ಆಡಿದರು, ಸೋತರು. ಇನ್ನೊಮ್ಮೆ ಹಸಿದ ಹೊಟ್ಟೆಯಲ್ಲಿ ಆಡಿ ಸೋತರು. ಸಾವ್‌ಜಿ ಇದ್ದಾಗ ಆಟದ ಮಧ್ಯೆ ಕಿತ್ತಳೆ, ಬಾಳೆಹಣ್ಣು ಬರುತ್ತಿತ್ತು. ಈಗ ಅಮ್ಮ ಯಾತ್ರಿಕರಿಗೆ ಮಾಡಿದ ಅವಲಕ್ಕಿಯಲ್ಲಿ ಒಂದು ಪಾಲನ್ನು ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದರು, ಮುಖ ಗಂಟಿಕ್ಕಿಕೊಂಡೇ. ಕ್ಯಾಪ್ಟನ್ ರಫೀಕ್ ಮಗ್ಗದಲ್ಲಿ ಕೂತು ಬೆನ್ನು ಬಾಗಿದ್ದರೂ ಚೆಂಡು ಕಂಡರೆ ನೆಟ್ಟಗಾಗುವ ಆಳು. ಆ ಅವಲಕ್ಕಿ ತಿಂದು, "ಪಂಡಿತ್‌ಜಿ, ಧಣಿ ಸಿಗದಿದ್ದರೂ ಪರವಾಗಿಲ್ಲ, ಅಮ್ಮಾಜಿ ಕ್ಲಬ್ ನಡೆಸ್ತಾರೆ" ಎಂದು ಅಪ್ಪನನ್ನು ರೇಗಿಸುತ್ತಿದ್ದ.

ಪತ್ರಿಕೆಯಲ್ಲಿ ಜಾಹೀರಾತು ಬಂದ ಮೇಲೆ ನೋಡಲು ಬಂದವರು ಇಬ್ಬರು. ಮೊದಲನೆಯವರು ಕಂಟೋನ್ಮೆಂಟಿನ ಹೋಟೆಲ್ ಮಾಲೀಕರು. ಮೈದಾನವನ್ನು ಉದ್ದಕ್ಕೂ ಅಡ್ಡಕ್ಕೂ ನಡೆದು ನೋಡಿ, ಗೋಲು ಕಂಬ ಹಿಡಿದು ಅಲುಗಿಸಿ, "ಇವನ್ನು ಕಿತ್ತು ಬೇಕಾದಾಗ ನೆಡಬಹುದಾ?" ಎಂದು ಕೇಳಿದರು. ಮದುವೆಯ ಕಾಲದಲ್ಲಿ ಶಾಮಿಯಾನ ಹಾಕಲು ಅವರಿಗೆ ಜಾಗ ಬೇಕಿತ್ತು. ಮದುವೆ ಇಲ್ಲದ ದಿನ ಹುಡುಗರು ಆಡಿಕೊಳ್ಳಲಿ ಎಂದರು. ಆದರೆ ಗಾಡಿ ನಿಲ್ಲಿಸಲು ಓಣಿ ಕಿರಿದು ಎಂದು ಅವರೇ ಹಿಂದೆ ಸರಿದರು. ಎರಡನೆಯವನು ಇಟ್ಟಿಗೆ ಭಟ್ಟಿಗಳನ್ನಿಟ್ಟಿದ್ದ ಒಬ್ಬ ಠೇಕೇದಾರ, ಅಂದರೆ ಗುತ್ತಿಗೆದಾರ. ಅವನಿಗೆ ಚುನಾವಣೆಗೆ ನಿಲ್ಲುವ ಆಸೆ. ಕ್ಲಬ್ಬಿಗೆ ತನ್ನ ಹೆಸರಿಡಬೇಕು, ಆಡುವವರು ತನ್ನ ಹಳ್ಳಿಯ ಹುಡುಗರಾಗಿರಬೇಕು, ಹಳೆಯವರು ಒಬ್ಬರೂ ಬೇಡ ಎಂದ.

ಅಪ್ಪ ಮಾಥುರ್ ಸಾಹೇಬರ ಹತ್ತಿರ ಹೋಗಿ ಕೈ ಮುಗಿದರು. "ಇವನಿಗೆ ಕೊಡಬೇಡಿ ಸಾಹೇಬ್. ಬೇರೆ ಒಳ್ಳೆಯವರು ಸಿಗ್ತಾರೆ."

"ಪಂಡಿತ್‌ಜಿ, ನನ್ನ ಕೆಲಸ ಒಳ್ಳೆಯವರನ್ನು ಹುಡುಕೋದಲ್ಲ, ಕೊಳ್ಳೋರನ್ನು ಹುಡುಕೋದು" ಎಂದರು ಸಾಹೇಬರು. ಆದರೂ ಶಿವರಾತ್ರಿಯವರೆಗೆ ಠೇಕೇದಾರನಿಗೆ ಹೂಂ ಅನ್ನುವುದಿಲ್ಲ ಎಂದು ಮಾತು ಕೊಟ್ಟರು. ನಿಯಮದಲ್ಲಿ ಅದಕ್ಕೆ ಜಾಗವಿತ್ತು ಎಂದು ಕಾಣುತ್ತದೆ.

ಅಪ್ಪ ಆಮೇಲೆ ಹೇಗಾದರು ಎಂದರೆ, ಮನೆಗೆ ಬಂದ ಪ್ರತಿಯೊಬ್ಬ ಯಾತ್ರಿಕನ ಮುಂದೆ ಕ್ಲಬ್ಬಿನ ಕಥೆ ತೆಗೆಯತೊಡಗಿದರು. ತಾಯಿಯ ಅಸ್ಥಿ ತಂದವರ ಹತ್ತಿರ ಹಾಗೆಲ್ಲ ಮಾತಾಡಬೇಡಿ ಎಂದು ಅಮ್ಮ ಬೈದರು. ನನಗೂ ನಾಚಿಕೆಯಾಗುತ್ತಿತ್ತು. ಅಡಿಕೆ ಮಂಡಿಯವರು, ನಿವೃತ್ತ ಮಾಸ್ತರರು, ಜವಳಿ ಅಂಗಡಿಯವರು ಎಲ್ಲರೂ ಮರ್ಯಾದೆಗೆ ತಲೆಯಾಡಿಸಿ, ಗಂಗಾಜಲ ತುಂಬಿಸಿಕೊಂಡು ತಮ್ಮ ತಮ್ಮ ಊರಿಗೆ ಹೋದರು. ಕಾಶಿಯಲ್ಲಿರುವ ಮೈದಾನ ತೆಗೆದುಕೊಂಡು ಅವರೇನು ಮಾಡಬೇಕು?

ಮಾಘಮಾಸದಲ್ಲಿ ಬೆಳಗಾವಿಯಿಂದ ದೇಸಾಯರು ಬಂದರು. ಮರದ ಸಾಮಿಲ್ಲುಗಳ ಮಾಲೀಕರು, ಎತ್ತರದ ಆಳು, ಕೋಟಿನ ಮೇಲೆ ಶಾಲು. ಜೊತೆಗೆ ಅವರ ಹೆಂಡತಿ. ಒಬ್ಬನೇ ಮಗ ಹಿಂದಿನ ವರ್ಷ ಹೆದ್ದಾರಿಯಲ್ಲಿ ಮೋಟರ್ ಸೈಕಲ್ ಅಪಘಾತದಲ್ಲಿ ಹೋಗಿದ್ದ. ಇನ್ನೂ ಮದುವೆಯಾಗದ ಹುಡುಗ. ತಂದೆಯೇ ಮಗನಿಗೆ ಪಿಂಡ ಇಡಲು ಬಂದಿದ್ದರು. ಅಂಥವರು ಬಂದರೆ ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಸದ್ದನ್ನೂ ಮಾಡುತ್ತಿರಲಿಲ್ಲ.

ಅಪ್ಪ ಅವರ ಮುಂದೆ ಕ್ಲಬ್ಬಿನ ಮಾತು ಎತ್ತಲೇ ಇಲ್ಲ. ಎತ್ತಿದವರು ದೇಸಾಯರೇ. ಮೆಟ್ಟಿಲ ಕೆಳಗೆ ಎಣ್ಣೆ ತಿಕ್ಕಿ ಇಟ್ಟಿದ್ದ ಬೂಟು ಕಂಡು ನಿಂತುಬಿಟ್ಟರು.

"ಇವು ಯಾರ್ವು ಭಟ್ಟರ?"

"ನಮ್ಮ ಕ್ಲಬ್ ಹುಡುಗರದು. ಇಲ್ಲೇ ಫುಟ್‌ಬಾಲ್ ಆಡ್ತಾರೆ" ಎಂದರು ಅಪ್ಪ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ.

"ನಮ್ಮ ಹುಡುಗನೂ ಆಡ್ತಿದ್ದ. ನಾನೂ ಆಡಿದಾಂವನ. ಅಂವಗ ಕಲಿಸಿದವನು ನಾನ" ಎಂದರು ದೇಸಾಯರು. ಬೂಟನ್ನು ಎತ್ತಿ ತಿರುಗಿಸಿ ನೋಡಿ ಮೆಲ್ಲಗೆ ಕೆಳಗಿಟ್ಟರು.

ಮರುದಿನ ಅವರನ್ನು ಮೈದಾನಕ್ಕೆ ಕರೆದೊಯ್ದೆವು. ಮಂಜು ಸ್ವಲ್ಪ ತೆಳುವಾಗಿತ್ತು. ರಫೀಕ್ ಹುಡುಗರನ್ನು ಓಡಿಸುತ್ತಿದ್ದ. ದೇಸಾಯರು ಗೆರೆಯ ಆಚೆ ಶಾಲು ಹೊದ್ದು ನಿಂತು ನೋಡಿದರು. ಆಮೇಲೆ ಶಾಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಬಂಗಾಳಿ ಹುಡುಗನೊಬ್ಬ ಕಾರ್ನರ್ ಹೊಡೆಯುವಾಗ ಅವನ ಭುಜ ಹಿಡಿದು ತಿರುಗಿಸಿ, ಕಾಲು ಎಲ್ಲಿಡಬೇಕೆಂದು ತೋರಿಸಿದರು. ಅವರಿಗೆ ಹಿಂದಿ ಅಷ್ಟಕ್ಕಷ್ಟೆ. ಹುಡುಗನಿಗೆ ಕನ್ನಡದ ಗಂಧವಿಲ್ಲ. ಆದರೂ ಮುಂದಿನ ಚೆಂಡು ಬಾಗಿ ಬಂದು ಗೋಲಿನ ಬಾಯಿಗೆ ಬಿತ್ತು, ರಫೀಕ್ ತಲೆ ಕೊಟ್ಟ. ಹುಡುಗರೆಲ್ಲ ಕೂಗಿದರು. ದೇಸಾಯರು ನಗುತ್ತಿದ್ದರು, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಅದನ್ನು ಒರೆಸಿಕೊಳ್ಳಬೇಕೆಂದೂ ಅವರಿಗೆ ಅನ್ನಿಸಿದ ಹಾಗೆ ಕಾಣಲಿಲ್ಲ.

ಹೊರಡುವಾಗ ಅಪ್ಪ ಎಲ್ಲವನ್ನೂ ಹೇಳಿದರು. ದೇಸಾಯರು ಹೆಚ್ಚು ಯೋಚಿಸಲಿಲ್ಲ. "ನಾ ತಗೋತೀನ್ರಿ. ಹೆಸರು ಬದಲ ಮಾಡೂದು ಬ್ಯಾಡ, ಹುಡುಗರನ್ನ ಬಿಡೂದು ಬ್ಯಾಡ. ವರ್ಷಕ್ಕೊಮ್ಮೆ ಅಂವನ ತಿಥಿಗೆ ಬಂದಾಗ ಒಂದು ಮ್ಯಾಚ್ ನೋಡ್ಕೊಂಡು ಹೋದ್ರ ನನಗ ಸಾಕು."

ಅದೇ ಸಂಜೆ ಮಾಥುರ್ ಸಾಹೇಬರ ಮನೆಗೆ ಹೋದೆವು. ಅವರು ದೇಸಾಯರನ್ನು ಏನೇನೋ ಕೇಳಿದರು, ನಾನು ಇಬ್ಬರ ನಡುವೆ ಮಾತು ದಾಟಿಸಿದೆ. ಕೊನೆಗೆ ಸಾಹೇಬರು ನಮಗೆಲ್ಲ ಚಹಾ ತರಿಸಿದರು. ಅದುವರೆಗೆ ಅವರ ಮನೆಯಲ್ಲಿ ನಮಗೆ ನೀರೂ ಸಿಕ್ಕಿರಲಿಲ್ಲ. ನಾಡಿದ್ದು ಸಹಿ ಎಂದು ತೀರ್ಮಾನವಾಯಿತು. ನಾಳೆ ಮಗನ ಕರ್ಮ ಮುಗಿಸಿಕೊಂಡು ಬರುತ್ತೇನೆ ಎಂದರು ದೇಸಾಯರು. ಅಪ್ಪ ದಾರಿಯಲ್ಲಿ ಮದನ್‌ಪುರಕ್ಕೆ ಹೋಗಿ ರಫೀಕನ ಮನೆ ಬಾಗಿಲು ತಟ್ಟಿ ಸುದ್ದಿ ಹೇಳಿಯೇ ಬಂದರು. ಮಗ್ಗ ನಿಲ್ಲಿಸಿ ಎದ್ದು ಬಂದ ರಫೀಕ್ ಅಪ್ಪನನ್ನು ಎತ್ತಿ ಒಂದು ಸುತ್ತು ತಿರುಗಿಸಿದನಂತೆ. ಅಪ್ಪನೇ ಹೇಳಿಕೊಂಡು ನಕ್ಕರು.

ಮರುದಿನ ಹನುಮಾನ್ ಘಾಟಿನಲ್ಲಿ ಕರ್ಮ. ದೇಸಾಯರ ಹೆಂಡತಿಯನ್ನು ಹಿಡಿದುಕೊಂಡು ನಾನು ಮೆಟ್ಟಿಲಲ್ಲಿ ಕೂತಿದ್ದೆ. ಅಪ್ಪ ಮಂತ್ರ ಹೇಳಿಸಿದರು, ಪಿಂಡ ಇಡಿಸಿದರು. ಮಗನ ಹೆಸರು ಬಂದಾಗಲೆಲ್ಲ ದೇಸಾಯರು ಅರ್ಧಕ್ಕೆ ನಿಲ್ಲಿಸುತ್ತಿದ್ದರು, ಅಪ್ಪ ತಾಳ್ಮೆಯಿಂದ ಮತ್ತೆ ಹೇಳಿಸುತ್ತಿದ್ದರು. ಪಿಂಡಗಳನ್ನು ನೀರಿಗೆ ಬಿಟ್ಟಾಯಿತು.

ಎಲ್ಲ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದನ್ನು ಗಂಗೆಯ ಮುಂದೆ ಬಿಟ್ಟು ಹೋಗಬೇಕು. ಹಣ್ಣೋ ತರಕಾರಿಯೋ ಬಿಡುವುದು ರೂಢಿ. ಬಿಟ್ಟದ್ದನ್ನು ಸಾಯುವವರೆಗೆ ಮುಟ್ಟುವಂತಿಲ್ಲ. ನಮ್ಮ ಜನ ಜಾಣರು, ಹೇಗೂ ತಿನ್ನದ ಹಾಗಲಕಾಯಿಯನ್ನೋ ಸುವರ್ಣಗೆಡ್ಡೆಯನ್ನೋ ಬಿಟ್ಟು ಪುಣ್ಯ ಕಟ್ಟಿಕೊಳ್ಳಲು ನೋಡುತ್ತಾರೆ. ಅಪ್ಪನಿಗೆ ಅದು ಆಗುತ್ತಿರಲಿಲ್ಲ. ಹಾಗಲಕಾಯಿ ಎಂದವರನ್ನು ತಮಾಷೆ ಮಾಡಿಯೇ ಮಾಡುತ್ತಿದ್ದರು. ಜನ ನಕ್ಕು, ಪೆಚ್ಚಾಗಿ, ಕಡೆಗೆ ಮಾವಿನಹಣ್ಣನ್ನೋ ಹಲಸನ್ನೋ ಸಂಕಟದಿಂದ ಬಿಡುತ್ತಿದ್ದರು. ವರ್ಷಗಳ ಅಭ್ಯಾಸ ಅದು, ಅವರ ನಾಲಿಗೆಗೆ ಅಂಟಿಕೊಂಡಿತ್ತು.

ದೇಸಾಯರ ಹೆಂಡತಿ ಸೀತಾಫಲ ಬಿಟ್ಟರು. ಅಪ್ಪ ದೇಸಾಯರ ಕಡೆ ತಿರುಗಿದರು.

"ಹಾಗಲಕಾಯಿ ಬಿಡ್ತೀನ್ರಿ" ಎಂದರು ದೇಸಾಯರು. ಅವರು ತುಂಬಾ ದಣಿದಿದ್ದರು. ಜಾಣತನದಿಂದ ಹೇಳಿದ್ದಲ್ಲ, ಬಾಯಿಗೆ ಬಂದದ್ದನ್ನು ಹೇಳಿದ್ದು.

ಅಪ್ಪನ ನಾಲಿಗೆ ತನ್ನ ಕೆಲಸ ಮಾಡಿತು. "ಬೇಡದ್ದನ್ನ ಬಿಡೋಕೆ ಬೆಳಗಾವಿಯೇ ಸಾಕಿತ್ತಲ್ಲ ದೇಸಾಯರೇ? ಅದಕ್ಕೆ ಇಷ್ಟು ದೂರ ಬಂದು ಗಂಗೆಯನ್ನ ಸಾಕ್ಷಿಗೆ ಕರೀಬೇಕಾ?"

ದೇಸಾಯರು ನಗಲಿಲ್ಲ. ನೀರಿನ ಕಡೆ ನೋಡುತ್ತಾ ಕೂತರು. ಮಂಜಿನಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

"ಖರೇ ಹೇಳಿದ್ರಿ ಭಟ್ಟರ" ಎಂದರು. "ಅಂವ ಹ್ವಾದ ಮ್ಯಾಲೆ ಊಟದ ಮ್ಯಾಲೆ ನನಗ ಆಸೆ ಉಳದಿಲ್ಲ. ಇಷ್ಟ ಅಂತ ಉಳದದ್ದು ಒಂದ ಅದ, ನಿನ್ನೆ ಮೈದಾನದಾಗ ಗೊತ್ತಾತು. ಅಂವಗ ಕೊಡೂದಾದ್ರ ಅದನ್ನ ಕೊಡಬೇಕು. ಫುಟ್‌ಬಾಲ್ ಬಿಟ್ಟೆ."

ನನ್ನ ಪಕ್ಕದಲ್ಲಿದ್ದ ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಅಪ್ಪನನ್ನು ನೋಡಿದೆ. ಅವರ ಕೈಯಲ್ಲಿ ನೀರು ತುಂಬಿದ ಉದ್ಧರಣೆ ಹಾಗೇ ನಿಂತಿತ್ತು.

"ದೇಸಾಯರೇ, ಹಣ್ಣು, ತರಕಾರಿ ಬಿಡೋದು ರೂಢಿ" ಎಂದರು ಅಪ್ಪ, ಮೆಲ್ಲಗೆ. "ಆಟ ಬಿಟ್ಟವರನ್ನ ನಾನು ಕಂಡಿಲ್ಲ."

"ಬಿಡಬಾರದು ಅಂತ ಶಾಸ್ತ್ರದಾಗ ಅದ ಏನ್ರಿ?"

ಇದೆ ಎಂದಿದ್ದರೆ ಆಗುತ್ತಿತ್ತು. ಆ ಮನುಷ್ಯ ಮರುಮಾತಿಲ್ಲದೆ ಬಾಳೆಹಣ್ಣು ಬಿಟ್ಟು ಏಳುತ್ತಿದ್ದರು. ಅಪ್ಪ ಉದ್ಧರಣೆಯನ್ನು ಪಾತ್ರೆಗೆ ಇಳಿಸಿದರು. ಆಮೇಲೆ, "ಇಲ್ಲ" ಎಂದರು.

"ಹಂಗಾದ್ರ ಮಂತ್ರ ಹೇಳ್ರಿ."

ಅಪ್ಪ ಹೇಳಿದರು. ದೇಸಾಯರ ಬೊಗಸೆಗೆ ತಾವೇ ನೀರು ಹಾಕಿದರು. ದೇಸಾಯರು ಅದನ್ನು ಗಂಗೆಗೆ ಬಿಟ್ಟು ತಲೆ ಬಾಗಿಸಿದರು. ಅವರ ಮುಖದಲ್ಲಿ ಎಂಥ ಸಮಾಧಾನವಿತ್ತೆಂದರೆ, ನಮ್ಮ ಮನೆಗೆ ಬಂದಾಗಿನಿಂದ ನಾನು ಅಂಥದ್ದನ್ನು ಕಂಡಿರಲಿಲ್ಲ.

ಕ್ಲಬ್ಬಿನ ವಿಷಯ ಅವರಿಗೆ ನೆನಪಾದದ್ದು ಮೆಟ್ಟಿಲು ಹತ್ತುವಾಗ. ಥಟ್ಟನೆ ನಿಂತರು. "ಅಯ್ಯೋ ಭಟ್ಟರ, ನಾಳೆ ಸಹಿ ಮಾಡಬೇಕಲ್ಲ. ಬಿಟ್ಟ ಮ್ಯಾಲೆ ಅದನ್ನ ಹೆಂಗ ತಗೊಳ್ಳಲಿ?"

"ಅದರ ಚಿಂತೆ ನಿಮಗೆ ಬೇಡ" ಎಂದರು ಅಪ್ಪ. "ಕೇಳಿದವರು ಬೇರೆಯವರೂ ಇದ್ದಾರೆ."

ಅವರನ್ನು ರೈಲು ಹತ್ತಿಸಿ ಬಂದ ಮೇಲೆ ಅಮ್ಮ ಅಪ್ಪನನ್ನು ಹಿಡಿದುಕೊಂಡರು. ಆಡೋದು ಬಿಟ್ಟರೆ ಕೊಳ್ಳೋದು ಬಿಟ್ಟ ಹಾಗಾ, ಅಷ್ಟು ಹೇಳೋಕೆ ನಿಮಗೆ ಬಾಯಿ ಇರಲಿಲ್ವಾ, ಅವರು ಒಂದು ಹಾಗಲಕಾಯಿ ಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಎಂದು ಅಳುತ್ತಾ ಕೇಳಿದರು. ಕ್ಲಬ್ಬನ್ನು ಬೈಯುತ್ತಲೇ ಬಂದಿದ್ದ ಅಮ್ಮ ಅದಕ್ಕಾಗಿ ಅತ್ತದ್ದು ಅಂದೇ. "ಮಗನಿಗೆ ಅಂತ ಕೊಟ್ಟಿದ್ದಾರೆ ಕಣೆ" ಎಂದರು ಅಪ್ಪ. "ಕೊಟ್ಟದ್ದನ್ನ ಅರ್ಧ ವಾಪಸ್ ತಗೊಳ್ಳಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?"

ಮಾಥುರ್ ಸಾಹೇಬರಿಗೆ ಇದು ಅರ್ಥವೇ ಆಗಲಿಲ್ಲ. ನಾನು ಎರಡು ಸಲ ಬಿಡಿಸಿ ಹೇಳಿದೆ. "ಸರಿ, ಬಿಟ್ಟಿದ್ದನ್ನ ರದ್ದು ಮಾಡೋ ಮಂತ್ರ ಹೇಳಿ ಪಂಡಿತ್‌ಜಿ. ಪ್ರತಿ ಆದೇಶಕ್ಕೂ ಒಂದು ಅಪೀಲು ಇರುತ್ತೆ" ಎಂದರು. ಅಂಥ ಮಂತ್ರ ಇಲ್ಲ ಎಂದರು ಅಪ್ಪ. ಸಾಹೇಬರು ಕನ್ನಡಕ ತೆಗೆದು ಒರೆಸಿ, ಹಾಗಾದರೆ ನಾನೂ ಏನೂ ಮಾಡಲಾರೆ ಎಂದರು.

ರಫೀಕನಿಗೆ ಹೇಳಲು ಅಪ್ಪ ಒಬ್ಬರೇ ಹೋಗಲಾರದೆ ನನ್ನನ್ನು ಕರೆದುಕೊಂಡು ಹೋದರು. ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು ಅವನು ಕೇಳಿಸಿಕೊಂಡ. ದೇಸಾಯರು ಬಿಟ್ಟದ್ದು ಅವನಿಗೆ ಅರ್ಥವಾಯಿತು. ಅರ್ಥವಾಗದ್ದು ಅಪ್ಪ.

"ಆತ ಮಗನನ್ನ ಕಳ್ಕೊಂಡವನು, ಏನು ಬೇಕಾದರೂ ಹೇಳ್ತಾನೆ" ಎಂದ. "ನೀವು ಬೇಡ ಅನ್ನಬಹುದಿತ್ತಲ್ಲ ಪಂಡಿತ್‌ಜಿ. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ನಮಗೋಸ್ಕರ ಒಂದೇ ಒಂದು."

ರಫೀಕ್ ಒಳಗೆ ಹೋದ. ಮಗ್ಗದ ಖಟ್ ಖಟ್ ಮತ್ತೆ ಶುರುವಾಯಿತು. ನಾವು ಬಂದ ದಾರಿಯಲ್ಲೇ ತಿರುಗಿದೆವು. ಆಮೇಲೆ ಅವನು ಅಪ್ಪನೊಂದಿಗೆ ಮಾತಾಡಲಿಲ್ಲ. ಉಳಿದಿದ್ದ ಪಂದ್ಯ ಆಡಿದ, ತೋಳಿನಿಂದ ನಾಯಕನ ಪಟ್ಟಿ ಬಿಚ್ಚಿ ಅಪ್ಪನ ಕುರ್ಚಿಯ ಮೇಲಿಟ್ಟು ಹೋದ. ಕೆಲವು ತಿಂಗಳ ಮೇಲೆ ಸೂರತ್ತಿನ ಪವರ್‌ಲೂಮಿಗೆ ಹೋದನೆಂದು ಯಾರೋ ಹೇಳಿದರು.

ಶಿವರಾತ್ರಿ ಕಳೆದು ವಿಚಾರಣೆ ಬಂತು. ಕೇಳಿದವನು ಠೇಕೇದಾರ ಒಬ್ಬನೇ. ಹೋಳಿಯ ಹೊತ್ತಿಗೆ ಗೇಟಿನ ಮೇಲೆ ಅವನ ಹೆಸರು ಬಂತು. ಅವನ ಹಳ್ಳಿಯ ಹುಡುಗರು ಹೊಸ ಜರ್ಸಿ ಹಾಕಿಕೊಂಡು ಒಂದೆರಡು ಪಂದ್ಯ ಆಡಿದರು. ಚುನಾವಣೆಯಲ್ಲಿ ಅವನು ಸೋತ. ಮಳೆಗಾಲ ಮುಗಿಯುವಷ್ಟರಲ್ಲಿ ಆಟ ನಿಂತು ಮೈದಾನದ ತುಂಬ ಇಟ್ಟಿಗೆಯ ಅಟ್ಟಿ, ಮರಳಿನ ಗುಡ್ಡೆ. ಅಪ್ಪ ಆ ಕಡೆಗೆ ಹೋಗುವುದನ್ನೇ ಬಿಟ್ಟರು. ಸಂಜೆಯ ಹೊತ್ತು ಏನು ಮಾಡಬೇಕೆಂದು ತಿಳಿಯದೆ ಘಾಟಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಹಾಗಲಕಾಯಿ ಬಿಡುತ್ತೇನೆ ಎಂದವರಿಗೆ ಏನೂ ಅನ್ನದೆ ನೀರು ಹಾಕುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿತ್ತು, ಕನಿಕರವೂ ಇತ್ತು. ಎರಡೂ ಇವತ್ತಿಗೂ ಹೋಗಿಲ್ಲ.

ಮರುವರ್ಷ ಮಾಘದಲ್ಲಿ ದೇಸಾಯರು ಮತ್ತೆ ಬಂದರು. ಹೆಂಡತಿಯನ್ನು ಊರಲ್ಲೇ ಬಿಟ್ಟು ಒಬ್ಬರೇ ಬಂದಿದ್ದರು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಕರ್ಮ ಮುಗಿಸಿ, ಊಟ ಮಾಡಿ, ರೈಲಿಗೆ ಹೊರಡುವ ಮೊದಲು ಅಪ್ಪನ ಎದುರು ಕೂತರು.

"ಭಟ್ಟರ, ಒಂದು ಕೇಳಬೇಕು ಅಂತ ವರ್ಷದಿಂದ ಮನಸಿನಾಗ ಕೊರೀಲಿಕ್ಕೆ ಹತ್ತೇದ. ಆ ಕ್ಲಬ್ಬು ಏನಾತ್ರಿ?"

ನಾನು ತಟ್ಟೆ ಎತ್ತುತ್ತಿದ್ದವಳು ನಿಂತೆ.

"ಒಳ್ಳೆಯವರು ತಗೊಂಡ್ರು" ಎಂದರು ಅಪ್ಪ. "ಹುಡುಗರೆಲ್ಲ ಆಡ್ತಾ ಇದ್ದಾರೆ. ರಫೀಕನೇ ಕ್ಯಾಪ್ಟನ್ನು."

ದೇಸಾಯರು ಕಣ್ಣು ಮುಚ್ಚಿ ಉಸಿರು ಬಿಟ್ಟರು. "ಚಲೋ ಆತು. ನನ್ನಿಂದ ಕೆಟ್ಟಿದ್ರ ಅಂವನ ಹೆಸರಿಗೆ ಬಿಟ್ಟಿದ್ದಕ್ಕ ಅರ್ಥ ಇರ್ತಿರಲಿಲ್ಲ." ಆಮೇಲೆ ಮಗು ಕೇಳುವಂತೆ ಕೇಳಿದರು. "ಸ್ಟೇಷನ್ನಿಗೆ ಹೋಗೂ ಮುಂದ ಒಂದು ಗಳಿಗಿ ಗೇಟಿನ ಹೊರಗ ನಿಂತು ನೋಡ್ಲೇನ್ರಿ? ಮುಟ್ಟೂದಿಲ್ಲ. ನೋಡ್ಲಿಕ್ಕೆ ಏನೂ ದೋಷ ಇಲ್ಲಲ್ಲ?"

ಅಪ್ಪ ನನ್ನ ಕಡೆ ನೋಡಲಿಲ್ಲ.

"ಇದೆ" ಎಂದರು. "ಬಿಟ್ಟದ್ದನ್ನ ನೋಡೋದೂ ದೋಷ. ಶಾಸ್ತ್ರದಲ್ಲಿ ಹಾಗೇ ಇದೆ."

"ಹಂಗಾದ್ರ ಬ್ಯಾಡ ಬಿಡ್ರಿ" ಎಂದು ದೇಸಾಯರು ಎದ್ದು, ಅಪ್ಪನ ಕಾಲಿಗೆ ನಮಸ್ಕಾರ ಮಾಡಿದರು.

ಗಲ್ಲಿಯ ತುದಿಯಲ್ಲಿ ಆಟೋ ಕಾಯುತ್ತಿತ್ತು. ಕಂಟೋನ್ಮೆಂಟ್ ಸ್ಟೇಷನ್ನಿಗೆ ಭೇಲೂಪುರದ ಮೇಲೆ, ಮೈದಾನದ ಮುಂದೆಯೇ ಹೋಗುವುದು ಹತ್ತಿರ. ಆಟೋದವನು ಆ ಕಡೆಗೇ ತಿರುಗಿಸಿದ. ಅಪ್ಪ ಅವನ ಭುಜ ಮುಟ್ಟಿ, ಗೋದೌಲಿಯಾ ಕಡೆಯಿಂದ ಹೋಗು ಎಂದರು.

"ಅಲ್ಲಿ ಬಹಳ ಜಾಮ್ ಇದೆ, ಪಂಡಿತ್‌ಜಿ. ರೈಲು ತಪ್ಪಿಹೋಗುತ್ತೆ" ಎಂದ ಅವನು.

"ತಪ್ಪಿದರೆ ತಪ್ಪಲಿ" ಎಂದರು ಅಪ್ಪ. "ಆ ಕಡೆಯಿಂದಲೇ ಹೋಗು."